ಭಾವನ ಕುದುರೆ ವ್ಯಾಪಾರ

ನ್ಯೂಜಿಲೆಂಡಿನ ಕುದುರೆಗಳಿಗೆ ಮತದಾನದ ಹಕ್ಕಿದ್ದಿದ್ದರೆ ನನ್ನ ಭಾವ ಇಷ್ಟು ಹೊತ್ತಿಗೆ ಈ ದೇಶದ ಪ್ರಧಾನಿಯಾಗಿರುತ್ತಿದ್ದರು! ಏನು ಮಾಡುವುದು, ಕುದುರೆಗಳಿಗೆ ಓಟ ಉಂಟು, ಓಟು ಇಲ್ಲ. ಬರೀ ಮನುಷ್ಯರನ್ನು ನಂಬಿ ನಿಂತರೆ ಭಾವನ ಠೇವಣಿ ಹೋಗುವುದು ಖಂಡಿತ. ಅಕ್ಕನ ಓಟೇ ಅವರಿಗೆ ಬೀಳುವುದಿಲ್ಲ. ನನ್ನದು? ಕೇಳಬೇಡಿ. ಅವರ ಜೊತೆ ಮತಗಟ್ಟೆಯವರೆಗೆ ನಡೆದು ಹೋಗುವುದಕ್ಕೇ ನನಗೆ ನಾಚಿಕೆ.

ಭಾವ ಅಂದರೆ ಅಕ್ಕನ ಗಂಡ. ಅಕ್ಕ ಹ್ಯಾಮಿಲ್ಟನ್ನಿನ ಆಸ್ಪತ್ರೆಯಲ್ಲಿ ನರ್ಸು. ಭಾವ ಅದೇ ಊರಿನಾಚೆ ಹಾಲಿನ ಪುಡಿ ಮಾಡುವ ಫ್ಯಾಕ್ಟರಿಯಲ್ಲಿ ಮೆಷಿನ್ನುಗಳ ರಿಪೇರಿ ನೋಡಿಕೊಳ್ಳುತ್ತಾರೆ. ನಾನಿರುವುದು ಆಕ್ಲೆಂಡಿನ ಮೌಂಟ್ ರಾಸ್ಕಿಲ್‌ನಲ್ಲಿ. ಈಸ್ಟ್ ತಮಾಕಿಯ ಒಂದು ಕಂಪನಿಯಲ್ಲಿ ಕಂಪ್ಯೂಟರ್ ಕೆಲಸ. ನಮ್ಮಿಬ್ಬರ ಮನೆಗಳ ಮಧ್ಯೆ ಒಂದೂವರೆ ಗಂಟೆಯ ದಾರಿ. ಎಷ್ಟೋ ವರ್ಷ ನನ್ನ ಮಾನ ಕಾಪಾಡಿದ್ದು ಆ ಒಂದೂವರೆ ಗಂಟೆಯೇ.

ಮಾನದ ಮಾತು ಬಂತಲ್ಲ, ನನ್ನ ಬಗ್ಗೆಯೂ ಸ್ವಲ್ಪ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಭಾವ ನನಗೆ ಕೊಟ್ಟ ಕಷ್ಟದ ತೂಕ ನಿಮಗೆ ಗೊತ್ತಾಗುವುದಿಲ್ಲ. ನಮ್ಮ ವಂಶದಲ್ಲಿ ಡಿಗ್ರಿ ಅಂತ ಮೊದಲು ಕಂಡವನು ನಾನು. ಅಪ್ಪ ಮಂಡ್ಯದಲ್ಲಿ ಕಬ್ಬಿನ ಲೋಡು ಇಳಿಸುತ್ತಿದ್ದವರು. ಕನ್ನಡ ಮೀಡಿಯಂನಲ್ಲಿ ಓದಿ ಇಂಜಿನಿಯರಿಂಗ್ ಕಾಲೇಜಿಗೆ ಹೋದಾಗ, ಮೇಷ್ಟ್ರು ಇಂಗ್ಲಿಷಿನಲ್ಲಿ ಜೋಕು ಹೇಳಿದರೆ ಪಕ್ಕದವನು ನಕ್ಕ ಮೇಲೆ ನಗುತ್ತಿದ್ದೆ. ಆ ಇಂಗ್ಲಿಷನ್ನು ಕಲ್ಲು ಒಡೆದ ಹಾಗೆ ಒಡೆದೊಡೆದು ಕಲಿತೆ. ನಮ್ಮ ಕಡೆಯ ಮದುವೆ ಕರೆಯೋಲೆಗಳಲ್ಲಿ ಹೆಸರಿನ ಪಕ್ಕ ಬಿ.ಇ. ಅಂತ ಅಚ್ಚಾಗುವುದು ಇವತ್ತಿಗೂ ನನ್ನೊಬ್ಬನದೇ. ಇಷ್ಟು ಕಷ್ಟಪಟ್ಟು ಗಳಿಸಿದ ಮರ್ಯಾದೆಯನ್ನು ಕ್ಯಾರೆಟ್ ಚೀಲ ಹಿಡಿದ ಒಬ್ಬ ಮನುಷ್ಯ ಹೋದಲ್ಲೆಲ್ಲ ಚೆಲ್ಲುತ್ತಾ ನಡೆದರೆ ಹೇಗಿರುತ್ತದೆ, ನೀವೇ ಹೇಳಿ!

ಇನ್ನೊಂದು ಮಾತೂ ಮೊದಲೇ ಸ್ಪಷ್ಟವಾಗಲಿ. ಭಾವ ಸಸ್ಯಾಹಾರಿಯಲ್ಲ. ಭಾನುವಾರ ಮನೆಯಲ್ಲಿ ಬಾಡು ಬೇಯದಿದ್ದರೆ ಅವರಿಗೆ ಸೋಮವಾರ ಬಂದದ್ದೇ ಗೊತ್ತಾಗುವುದಿಲ್ಲ. ತಲೆ, ಕಾಲು, ಬೋಟಿ, ಯಾವುದರ ಮೇಲೂ ಭೇದಭಾವವಿಲ್ಲ. ಈ ದೇಶಕ್ಕೆ ಬಂದಿಳಿದ ದಿನ ವಿಮಾನದ ಕಿಟಕಿಯಿಂದ ಹಸಿರು ಗುಡ್ಡಗಳ ಮೇಲೆ ಬಿಳಿ ಬಿಳಿ ಚುಕ್ಕಿ ಕಂಡು, "ನೋಡಮ್ಮಿ, ಊಟ ಹೆಂಗೆ ಮೇಯ್ತಾ ಅದೆ!" ಅಂತ ಅಕ್ಕನಿಗೆ ತೋರಿಸಿದರಂತೆ. ಇಂಥ ಮನುಷ್ಯ ಕುದುರೆ ಮಾಂಸ ನಿಷೇಧಿಸಿ ಅಂತ ಬಾವುಟ ಹಿಡಿದರೆ ಯಾರಿಗೆ ನಗು ಬರುವುದಿಲ್ಲ?

ಆದದ್ದು ಹೀಗೆ. ಗೌರಿ ಹಬ್ಬದ ದಿನ ಅಕ್ಕ ಭಾವ ಹ್ಯಾಮಿಲ್ಟನ್ನಿನ ಅಂಚಿನಲ್ಲಿ ಒಂದು ಬಾಡಿಗೆ ಮನೆಗೆ ಹೋದರು. ಹಿತ್ತಲ ಬೇಲಿಯಾಚೆ ಪಕ್ಕದ ಮುದುಕನ ಹುಲ್ಲುಗಾವಲು. ಅದರಲ್ಲಿ ಕಂದು ಬಣ್ಣದ ಒಂದು ಮುದಿ ಹೆಣ್ಣು ಕುದುರೆ. ಹಿಂದೊಮ್ಮೆ ಪುಟ್ಟ ಗಾಡಿ ಕಟ್ಟಿಕೊಂಡು ರೇಸಿನಲ್ಲಿ ಓಡುತ್ತಿದ್ದ ಕುದುರೆಯಂತೆ. ಈಗ ಹಿಂಗಾಲು ನೋವು, ಕುಂಟುತ್ತಾ ಮೇಯುತ್ತಿತ್ತು. ಮುದುಕ ಅದನ್ನು 'ಓಲ್ಡ್ ಗರ್ಲ್' ಅನ್ನುತ್ತಿದ್ದ. ಹಬ್ಬದ ದಿನ ಕಣ್ಣಿಗೆ ಬಿದ್ದವಳು ಅಂತ ಭಾವ 'ಗೌರಿ' ಅಂದರು.

ಗೌರಿಗೆ ಬಾಗಿನ ಬೇಡವೇ? ಕುದುರೆಗೆ ಏನು ಕೊಡಬೇಕು? ಹುರುಳಿ! ಕುದುರೆಯ ವಿಷಯದಲ್ಲಿ ಭಾವನಿಗೆ ಗೊತ್ತಿದ್ದದ್ದು ಇದೊಂದೇ, ಅದೂ ಪ್ರೈಮರಿ ಸ್ಕೂಲಿನಿಂದ. ಇಂಡಿಯನ್ ಅಂಗಡಿಯಿಂದ ಹುರುಳಿ ತಂದು, ನೆನೆಹಾಕಿ, ಬೇಯಿಸಿ, ಕಟ್ಟು ಬಸಿದು ಸಾರಿಗೆ ಎತ್ತಿಟ್ಟುಕೊಂಡು ("ಅದ್ಯಾಕೆ ದಂಡ ಮಾಡದು?"), ಕಾಳನ್ನು ಬಕೆಟ್ಟಿನಲ್ಲಿ ತುಂಬಿ ಬೇಲಿಯ ಮೇಲೆ ಇಟ್ಟರು. ಕುದುರೆ ಮೂಸಿತು, ಬಾಯಿಗೆ ಹಾಕಿಕೊಂಡಿತು, ಭಾವನ ಅಂಗಿಯ ಮೇಲೆ ಉಗಿಯಿತು. ನ್ಯೂಜಿಲೆಂಡಿನ ಕುದುರೆ! ಅದರ ವಂಶದಲ್ಲಿ ಯಾರು ಹುರುಳಿ ಕಂಡಿದ್ದರು? ಭಾವ ಬಿಡಲಿಲ್ಲ. ಮರುದಿನ ಬೆಲ್ಲ ಬೆರೆಸಿದರು. ಚಪ್ಪರಿಸಿ ತಿಂದಿತು. ಆ ವಾರವೆಲ್ಲ ಬೇಲಿಯ ಎರಡೂ ಕಡೆ ಗಾಳಿ ಕೆಟ್ಟಿತ್ತು: ಆ ಕಡೆ ಕಾಳು ತಿಂದ ಗೌರಿಯಿಂದ, ಈ ಕಡೆ ಕಟ್ಟಿನ ಸಾರು ಉಂಡ ಭಾವನಿಂದ!

"ಏನಯ್ಯಾ ತಿನ್ನಿಸಿದೆ ಇದಕ್ಕೆ, ಮದ್ದುಗುಂಡಾ?" ಅಂತ ಮುದುಕ ಮೂಗು ಮುಚ್ಚಿಕೊಂಡು ಬೇಲಿ ಹತ್ತಿರ ಬಂದ. ಅಲ್ಲಿಂದ ಮುಂದೆ ಭಾವ ಕ್ಯಾರೆಟ್ಟಿಗೆ ಇಳಿದರು.

ಅಕ್ಕನ ಮಗಳು ಹೈಸ್ಕೂಲಿನಲ್ಲಿದ್ದಾಳೆ. ಭಾವ ಕನ್ನಡದಲ್ಲಿ ಏನು ಕೇಳಿದರೂ ಫೋನಿನಿಂದ ತಲೆ ಎತ್ತದೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಕುದುರೆ ಮಾತ್ರ, ಭಾವ ಹಿತ್ತಲಲ್ಲಿ ನಿಂತು "ಬಾರವ್ವಾ" ಅಂದರೆ ಸಾಕು, ಹುಲ್ಲುಗಾವಲಿನ ಆ ತುದಿಯಿಂದ ಕಿವಿ ನಿಮಿರಿಸಿಕೊಂಡು ಕುಂಟುತ್ತಾ ಬಂದುಬಿಡುತ್ತಿತ್ತು.

"ನೋಡ್ಲಾ ಬಾಮೈದ, ಈ ಬೀದೀಲಿ ಕನ್ನಡ ಅರ್ಥ ಆಗೋದು ಅಂದ್ರೆ ಇವಳಿಗೊಬ್ಬಳಿಗೇ."

"ಯಾಕೆ ಭಾವ, ನನಗೂ ಅರ್ಥ ಆಗುತ್ತಲ್ಲ?"

"ಆಯ್ತದೆ. ಆದ್ರೆ ಕರೆದ್ರೆ ನೀನು ಬರಕ್ಕಿಲ್ವಲ್ಲ!"

ದೀಪಾವಳಿಯ ಹೊತ್ತಿಗೆ ಮುದುಕ ಮಾತಿನ ಮಧ್ಯೆ ಹೇಳಿದ: ಇನ್ನೊಂದು ಚಳಿಗಾಲ ಈ ಕಾಲು ತಡೆಯುವುದಿಲ್ಲ, ಅಷ್ಟರೊಳಗೆ ಲಾರಿ ಕರೆಸುತ್ತೇನೆ. ಎಲ್ಲಿಗೆ ಅಂತ ಭಾವ ಕೇಳಿದರು. ಕಸಾಯಿಖಾನೆಗೆ. ಅಲ್ಲಿಂದ? ಡಬ್ಬದಲ್ಲಿ ತುಂಬಿ ಹೊರದೇಶಕ್ಕೆ. ಅಲ್ಲಿ ಯಾರು ತಿನ್ನುತ್ತಾರೆ, ನಾಯಿಯಾ? "ಅಲ್ಲ, ಜನ. ಒಳ್ಳೊಳ್ಳೆ ಹೋಟೆಲ್ಲುಗಳಲ್ಲಿ" ಅಂದ ಮುದುಕ. ಭಾವನ ಮುಖ ನೋಡಿ ಅವನಿಗೆ ಸ್ವಲ್ಪ ರೇಗಿರಬೇಕು. "ಇದೆಲ್ಲ ಕಾನೂನು ಪ್ರಕಾರವೇ ನಡೆಯೋದು, ಮೇಟ್. ಇಷ್ಟ ಇಲ್ಲದಿದ್ದರೆ ಹೋಗಿ ಕಾನೂನು ಬದಲಾಯಿಸು" ಅಂದ.

ನಾನಾಗಿದ್ದರೆ ಇದನ್ನು ಬೈಗುಳ ಅಂತ ತಿಳಿದು ಒಳಗೆ ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಭಾವ ಅದನ್ನು ಸಲಹೆ ಅಂತ ತಿಳಿದರು!

"ಎಲ್ಲಿ ತನಕ ಟೈಮು ಕೊಡ್ತೀಯ?"

"ಚಳಿಗಾಲ ಶುರುವಾಗೋ ತನಕ" ಅಂದ ಮುದುಕ, ನಗುತ್ತಾ. ಈ ದೇಶದಲ್ಲಿ ಚಳಿಗಾಲ ಶುರುವಾಗುವುದು ಜೂನ್ ತಿಂಗಳಲ್ಲಿ.

ಭಾವ ಬೇಲಿಯ ಮೇಲಿಂದ ಕೈ ಚಾಚಿ, ಅವನ ಕೈ ಕುಲುಕಿ, ಒಪ್ಪಂದ ಮುಗಿಸಿ ಬಂದರು.

ಅವತ್ತೇ ಅಕ್ಕನ ಫೋನು. "ಲೋ, ನಿಮ್ಮ ಭಾವ ಕಾನೂನು ಬದಲಾಯಿಸ್ತಾರಂತೆ ಕಣೋ."

"ಯಾವ ಕಾನೂನು?"

"ಈ ದೇಶದ್ದು. ಬಚ್ಚಲುಮನೆ ಬಲ್ಬು ಬದಲಾಯಿಸಿ ಅಂತ ಈ ಮನೆಗೆ ಬಂದಾಗಿಂದ ಬಡ್ಕೋತಾ ಇದೀನಿ, ಅದಾಗಿಲ್ಲ!"

ಸುದ್ದಿ ಊರಿಗೂ ಹೋಯಿತು. ಅಮ್ಮ ಗಾಬರಿಯಿಂದ ಫೋನ್ ಮಾಡಿದಳು. "ಅಳಿಯಂದ್ರು ಕುದುರೆ ಬಾಲ ಹಿಡಿದವ್ರಂತೆ?" ನಮ್ಮ ಕಡೆ ಕುದುರೆ ಬಾಲ ಹಿಡಿಯುವುದು ಅಂದರೆ ರೇಸಿಗೆ ಬಿದ್ದು ಮನೆ ಹಾಳು ಮಾಡಿಕೊಳ್ಳುವುದು.

"ರೇಸಲ್ಲಮ್ಮ, ಇದು ಕಸಾಯಿಖಾನೆ ವಿಷಯ."

"ಅಯ್ಯೋ ದೇವ್ರೇ! ಕಸಾಯಿಖಾನೆ ಇಕ್ಕವ್ರಾ?"

ಈ ದೇಶದಲ್ಲಿ ಯಾರು ಬೇಕಾದರೂ ಪಾರ್ಲಿಮೆಂಟಿಗೆ ಅರ್ಜಿ ಕೊಡಬಹುದು. ಒಂದೇ ಸಹಿ ಇದ್ದರೂ ಸಾಕು. ಒಂದು ಸಹಿಗೆ ತೃಪ್ತಿಪಡುವ ಕುಳವೇ ನಮ್ಮ ಭಾವ? ಆಕ್ಲೆಂಡಿನ ಕನ್ನಡ ರಾಜ್ಯೋತ್ಸವಕ್ಕೆ ಬಂದು, ಸಭೆಯ ಹಾಲಿನ ಬಾಗಿಲಲ್ಲೇ ಒಂದು ಟೇಬಲ್ ಹಾಕಿಕೊಂಡು ಕೂತರು. ಅರ್ಜಿಯೇನೋ ಇಂಗ್ಲಿಷಿನಲ್ಲಿತ್ತು. ನಮ್ಮ ಜನಕ್ಕೆ ಸುಲಭವಾಗಲಿ ಅಂತ ಮೇಲೊಂದು ಬ್ಯಾನರನ್ನು ಕನ್ನಡದಲ್ಲಿ, ದಪ್ಪ ಕೆಂಪು ಅಕ್ಷರದಲ್ಲಿ ಬರೆದು ಕಟ್ಟಿದ್ದರು: 'ಕುದುರೆ ವ್ಯಾಪಾರ ನಿಲ್ಲಲಿ! ಸಹಿ ಮಾಡಿ!'

ಆಗ ಊರಿನ ಟಿವಿ ಚಾನೆಲ್ಲುಗಳ ತುಂಬ ಶಾಸಕರು. ಯಾರು ಯಾವ ಪಕ್ಷ ಬಿಟ್ಟರು, ಯಾರನ್ನು ಯಾವ ರೆಸಾರ್ಟಿನಲ್ಲಿ ಕೂಡಿಹಾಕಿದ್ದಾರೆ ಅನ್ನುವುದೇ ಸುದ್ದಿ. ಕುದುರೆ ವ್ಯಾಪಾರ ಅಂದರೆ ಕನ್ನಡಿಗನಿಗೆ ಕುದುರೆ ಯಾಕೆ ನೆನಪಾಗುತ್ತದೆ ಹೇಳಿ? ಬ್ಯಾನರ್ ಓದಿದವರೆಲ್ಲ ಸಿಟ್ಟಿನಿಂದ ಸಾಲುಗಟ್ಟಿ ನಿಂತರು!

ಸಂಘದ ಹಿರಿಯ ಅಂಕಲ್ಲೊಬ್ಬರು, ಮೈಸೂರಿನವರು, ಪೇಟ ಸರಿಮಾಡಿಕೊಂಡು ಸಹಿ ಹಾಕಿ ಭಾವನ ಕೈ ಹಿಡಿದರು. "ಶಭಾಷ್! ಇಷ್ಟು ದೂರದಲ್ಲಿ ಕೂತು ಇದರ ಬಗ್ಗೆ ತಲೆಕೆಡಿಸಿಕೊಂಡಿದ್ದೀರಲ್ಲ. ನಾಚಿಕೆಗೇಡು! ಒಂದೊಂದು ತಲೆಗೆ ಎಷ್ಟು ಕೋಟಿಯಂತೆ ಈಗ?"

"ಕೋಟಿ ಎಲ್ಲಿ ಸಾರ್, ಕೆಜಿ ಲೆಕ್ಕ" ಅಂದರು ಭಾವ.

"ಹಹ್ಹಾ! ಚೆನ್ನಾಗಿ ಹೇಳಿದಿರಿ. ಬಸ್ಸಿನಲ್ಲಿ ತುಂಬಿಕೊಂಡು ಹೋಗ್ತಾರಲ್ಲ ಕುರಿಗಳ ಹಾಗೆ!"

"ಬಸ್ಸಲ್ಲ ಸಾರ್, ಲಾರಿ."

"ಲಾರಿಯಾ? ಛೆ, ಆ ಮಟ್ಟಕ್ಕೆ ಇಳಿದರೇ!"

"ಹೂಂ ಸಾರ್. ಹೋದವು ವಾಪಸ್ ಬರಕ್ಕಿಲ್ಲ."

"ಬರ್ತಾರೆ, ಬರ್ತಾರೆ. ಮಂತ್ರಿಗಳಾಗಿ ಬರ್ತಾರೆ!"

"ಇಲ್ಲ ಸಾರ್, ಪ್ಯಾಕೆಟ್ಟಾಗಿ ಹೊರದೇಶಕ್ಕೆ ಹೋಯ್ತವೆ."

ಅಂಕಲ್ ಕನ್ನಡಕ ಏರಿಸಿಕೊಂಡು ಆಗ ಇಂಗ್ಲಿಷ್ ಓದಿದರು. ನಾನು ಆ ಹೊತ್ತಿಗೆ ಬಿಸಿಬೇಳೆಬಾತಿನ ಪಾತ್ರೆಯ ಹಿಂದೆ ಸೇರಿಕೊಂಡು, ಸೌಟು ಹಿಡಿದು, ಬಡಿಸುವವನ ಹಾಗೆ ನಟಿಸುತ್ತಿದ್ದೆ.

"ಏನ್ರೀ ಇದು? ಇದು ಪ್ರಾಣಿ ಕುದುರೆ!"

"ಮತ್ತಿನ್ಯಾವ ಕುದುರೆ ಸಾರ್?"

ಗಲಾಟೆಯೆಂದರೆ ಗಲಾಟೆ! ಒಬ್ಬರು ಸಂಘಕ್ಕೆ ಕೆಟ್ಟ ಹೆಸರು ಅಂದರು. ಒಬ್ಬ ಡಾಕ್ಟರ್ ಆಂಟಿ, "ನೀವು ವಾರ ವಾರ ಕುರಿ ತಿನ್ನೋರು, ಕುದುರೆಗೆ ಮಾತ್ರ ಅಳ್ತೀರಲ್ಲ, ಕುರಿಗೆ ಯಾರ್ರೀ ಅಳೋರು?" ಅಂತ ನೇರವಾಗಿ ಕೇಳಿಬಿಟ್ಟರು. ನ್ಯಾಯವಾದ ಪ್ರಶ್ನೆ. ಭಾವ ಹಾಳೆಗಳನ್ನು ಜೋಡಿಸತೊಡಗಿದರು. ಅಂಕಲ್ ಮಾತ್ರ ತಮ್ಮ ಸಹಿ ಹೊಡೆದುಹಾಕಿ ಅಂತ ಹಟಕ್ಕೆ ಬಿದ್ದರು. ಭಾವ ಹಾಳೆಗಳನ್ನು ಎದೆಗವಚಿಕೊಂಡು ಎದ್ದು ನಿಂತು ಹೇಳಿದರು:

"ಈ ಕಡೆ ಬಂದ ಮೇಲೆ ಆ ಕಡೆ ಹೋದ್ರೆ ಅದೇ ಕುದುರೆ ವ್ಯಾಪಾರ ಅಲ್ವಾ ಸಾರ್!"

ಹಾಲಿಗೆ ಹಾಲೇ ನಕ್ಕಿತು. ಅಂಕಲ್ಲೂ ನಕ್ಕರು, ಸಹಿ ಉಳಿಯಿತು. ನಾನು ಮಾತ್ರ ನಗಲಿಲ್ಲ. ಬಾತಿನ ಸಾಲಿನಲ್ಲಿದ್ದ ಹೆಂಗಸೊಬ್ಬರು ತಟ್ಟೆ ಚಾಚಿ, "ಅವರು ನಿಮ್ಮ ಕಡೆಯವರಾ?" ಅಂತ ಕೇಳಿದರು. "ಸ್ವಲ್ಪ ಪರಿಚಯ" ಅಂದೆ.

ಸ್ವಲ್ಪ ಪರಿಚಯದ ಈ ಮನುಷ್ಯ ಆಮೇಲೊಂದು ಶುಕ್ರವಾರ ನನ್ನ ಆಫೀಸಿಗೇ ಬಂದರು! ರಿಸೆಪ್ಷನ್ನಿನ ಹುಡುಗಿ ಫೋನು ಮಾಡಿ, "ನಿನ್ನ ಬಾವಾ ಅಂತೆ, ಬಂದಿದ್ದಾರೆ. ಅದು ಹೆಸರಾ, ಸ್ವಾಮೀಜಿಯಾ?" ಅಂತ ಕೇಳಿದಳು. ಇಳಿದು ಹೋದೆ. ಭಾವ ಒಂದು ಬಿಳಿ ಟೀ ಶರ್ಟ್ ಮಾಡಿಸಿಕೊಂಡಿದ್ದರು. ಅದರ ಮೇಲೊಂದು ಕುದುರೆಯ ಚಿತ್ರ, ಕೆಳಗೆ ಇಂಗ್ಲಿಷಿನಲ್ಲಿ 'ನಾನು ಊಟವಲ್ಲ'. ಭಾವನ ಹೊಟ್ಟೆಯ ದೆಸೆಯಿಂದ ಕುದುರೆ ತುಂಬು ಗರ್ಭಿಣಿಯ ಹಾಗೆ ಕಾಣುತ್ತಿತ್ತು. ಅಷ್ಟೊಂದು ಊಟ ಹೊತ್ತ ಹೊಟ್ಟೆಯ ಮೇಲೆ 'ನಾನು ಊಟವಲ್ಲ' ಅಂತ ಬರೆದರೆ ನಂಬುವವರು ಯಾರು?

ಓಡಿಸಿಬಿಡೋಣ ಅನ್ನುವಷ್ಟರಲ್ಲಿ ನನ್ನ ಮ್ಯಾನೇಜರ್ ಕಾಫಿ ಕಪ್ಪು ಹಿಡಿದು ಬಂದ. ಈ ದೇಶದವನೇ, ಒಳ್ಳೆಯವನು, ರೇಸ್ ಕುದುರೆಯ ಹುಚ್ಚು. ಸ್ನೇಹಿತರ ಜೊತೆ ಸೇರಿ ಒಂದು ಕುದುರೆಯಲ್ಲಿ ಪಾಲು ಇಟ್ಟುಕೊಂಡಿದ್ದ. ಟೀ ಶರ್ಟ್ ನೋಡಿ ನಗುತ್ತಾ, "ನನ್ನದೂ ಒಂದು ಕುದುರೆ ಇದೆ, ಅಂದರೆ ಒಂದು ಪಾಲು" ಅಂದ.

ಭಾವನ ಕಣ್ಣು ಅರಳಿತು. "ಯಾವ ಪಾಲು? ಮುಂದಿನದೋ ಹಿಂದಿನದೋ?"

ಮ್ಯಾನೇಜರ್ ಗಹಗಹಿಸಿ ನಕ್ಕ. ಭಾವ ನಗಲಿಲ್ಲ. "ಅದರ ಓಟ ಮುಗಿದ ಮೇಲೆ ನಿನ್ನ ಪಾಲಿನದು ಎಲ್ಲಿಗೆ ಹೋಯ್ತದೆ?" ಅಂತ ತಮ್ಮ ಇಂಗ್ಲಿಷಿನಲ್ಲಿ, ಮಗುವಿನ ಹಾಗೆ ಕೇಳಿದರು. ಮ್ಯಾನೇಜರ್ ಕಪ್ಪಿನೊಳಗೆ ನೋಡಿದ. "ಗೊತ್ತಿಲ್ಲ. ಅದನ್ನೆಲ್ಲ ಟ್ರೇನರ್ ನೋಡಿಕೊಳ್ತಾನೆ" ಅಂದ. ಸಹಿ ಮಾತ್ರ ಹಾಕಲಿಲ್ಲ. ಆ ಮಧ್ಯಾಹ್ನವಿಡೀ ನಾನು ಕಂಪ್ಯೂಟರ್ ಪರದೆಯ ಹಿಂದೆ ತಲೆ ತಗ್ಗಿಸಿ ಕೂತಿದ್ದೆ. ಯಾರ ಕಣ್ಣಿಗೂ ಬೀಳಬಾರದು ಅನ್ನಿಸುತ್ತಿತ್ತು.

ನೀವು ನಂಬುತ್ತೀರೋ ಇಲ್ಲವೋ, ಅರ್ಜಿ ಹೋಯಿತು. ಪಾರ್ಲಿಮೆಂಟಿನ ಒಂದು ಸಮಿತಿ ಅದನ್ನು ತೆಗೆದುಕೊಂಡು, ಬಂದು ಮಾತಾಡಿ ಅಂತ ಭಾವನನ್ನು ವೆಲ್ಲಿಂಗ್ಟನ್ನಿಗೆ ಕರೆಯಿತು! ಶಾಸಕರೆಂದು ತಿಳಿದು ಬಿದ್ದ ಸಹಿಗಳೂ ಅದರಲ್ಲಿ ಸೇರಿ, ಶಾಸಕರ ಎದುರಿಗೇ ಹೋಗಿ ಕೂತವು. ಭಾವನಿಗೆ ಇಂಗ್ಲಿಷ್ ಬರುತ್ತದೆ, ಆದರೆ ಸ್ಪ್ಯಾನರ್ ಹಿಡಿದಾಗ ಮಾತ್ರ. "ನೀನು ಡಿಗ್ರಿ ಓದಿದೋನು, ಪಕ್ಕದಲ್ಲಿ ಕೂತ್ಕೊ. ನಾನು ತಡವರಿಸಿದ್ರೆ ಎತ್ಕೊ" ಅಂದರು. ಅಕ್ಕನೂ ಹೋಗು ಅಂದಳು. ಹೋದೆ.

ಭಾವ ತಮ್ಮ ಮದುವೆಯ ಸೂಟು ಹಾಕಿದ್ದರು. ಗುಂಡಿ ಹಾಕಲು ಆಗದೆ, ಕೋಟು ಎರಡು ಬಾಗಿಲಿನ ಹಾಗೆ ತೆರೆದುಕೊಂಡಿತ್ತು. ಸೆಕ್ಯುರಿಟಿಯವನು ಕೋಟಿನ ಜೇಬಿನಿಂದ ಮೂರು ಕ್ಯಾರೆಟ್ ತೆಗೆದು ಟ್ರೇಯಲ್ಲಿಟ್ಟ. "ಅಭ್ಯಾಸ" ಅಂದರು ಭಾವ. ಅವನು ನನ್ನ ಕಡೆ ನೋಡಿದ. ನಾನು ಗೋಡೆಯ ಮೇಲಿನ ಫೋಟೋಗಳನ್ನು ಬಹಳ ಆಸಕ್ತಿಯಿಂದ ನೋಡಿದೆ.

ಒಳಗೆ ಉದ್ದನೆಯ ಮೇಜು. ಆ ಕಡೆ ಸದಸ್ಯರು, ಈ ಕಡೆ ನಾವಿಬ್ಬರು. ಎಲ್ಲರೂ ಮರ್ಯಾದೆಯಿಂದ ಮಾತಾಡಿಸಿದರು. ದನ, ಕುರಿ ತಿನ್ನುತ್ತೀರಾ ಅಂತ ಒಬ್ಬರು ಕೇಳಿದರು. ಭಾವ ಉತ್ಸಾಹದಿಂದ, "ಎಸ್ ಎಸ್, ಕುರಿ, ಎವೆರಿ ಸಂಡೇ!" ಅಂದರು. ಮೇಜಿನ ಆ ಕಡೆ ನಗುವನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡರು. ನನ್ನ ಕಿವಿ ಬಿಸಿಯಾಯಿತು.

ಆಮೇಲೆ ಒಬ್ಬ ವಯಸ್ಸಾದ ಸದಸ್ಯ, ಕೈ ನೋಡಿದರೆ ಒಕ್ಕಲುತನ ಮಾಡಿದವನು ಅಂತ ಗೊತ್ತಾಗುತ್ತಿತ್ತು, ಮೆಲ್ಲಗೆ ಕೇಳಿದ: "ನಾವು ಇದನ್ನು ನಿಷೇಧಿಸಿದರೆ ಮುದಿ ಕುದುರೆಗಳ ಗತಿ ಏನು? ಯಾರೂ ನೋಡಿಕೊಳ್ಳದೆ, ಕಾಲು ಊದಿ, ಕೆಸರಿನಲ್ಲಿ ನಿಂತು ನಿಂತು ಸಾಯುವುದು ಮೇಲೆ ಅನ್ನುತ್ತೀರಾ?"

ಭಾವ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು. "ಸಾಯಬಾರ್ದು ಅಂತ ನಾನೆಲ್ಲಿ ಅಂದೆ? ಸಾಯೋ ಕಾಲಕ್ಕೆ ಎಲ್ಲಾ ಸಾಯ್ತವೆ. ಆದ್ರೆ ಅವಳು ಬಾ ಅಂದ್ರೆ ಬತ್ತಾಳೆ. ಕರೆದೋರನ್ನ ನಂಬ್ಕೊಂಡು ಆ ಕುಂಟು ಕಾಲಲ್ಲೇ ಲಾರಿ ಹತ್ತತಾಳೆ. ಮಾಂಸ ಅಲ್ಲ, ಅವಳ ನಂಬಿಕೇನ ತಿಂದಂಗೆ ಅದು. ಹೇಳು ಇವರಿಗೆ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಂಬಿಕೆಯನ್ನು ತಿನ್ನುವುದು! ಈ ದೇಶದ ಪಾರ್ಲಿಮೆಂಟಿನಲ್ಲಿ ಕೂತು, ಸೂಟಿನ ಗುಂಡಿ ಹಾಕಲಾಗದ ಒಬ್ಬ ಮನುಷ್ಯನ ಪಕ್ಕದಲ್ಲಿ, ಇಂಥ ಮಾತನ್ನು ನನ್ನ ಬಾಯಿಂದ ಆಡುವುದೇ? ನಾನು ಗಂಟಲು ಸರಿಮಾಡಿಕೊಂಡೆ. "ಕುದುರೆಗಳನ್ನು ಒಡನಾಡಿ ಪ್ರಾಣಿಗಳೆಂದು ಪರಿಗಣಿಸಿ, ಸೂಕ್ತ ಮಾರ್ಗಸೂಚಿಗಳನ್ನು ರೂಪಿಸಬೇಕೆಂಬುದು ಅರ್ಜಿದಾರರ ಅಭಿಪ್ರಾಯ" ಅಂತ ಇಸ್ತ್ರಿ ಮಾಡಿದ ಇಂಗ್ಲಿಷಿನಲ್ಲಿ ಹೇಳಿದೆ. ಸದಸ್ಯರು ಬರೆದುಕೊಂಡರು. ಆ ವಯಸ್ಸಾದವನು ಮಾತ್ರ ಇನ್ನೂ ಏನೋ ಬರುತ್ತದೆ ಅನ್ನುವ ಹಾಗೆ ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. ಆಮೇಲೆ ಪೆನ್ನು ಕೆಳಗಿಟ್ಟ.

ಮೆಟ್ಟಿಲಿಳಿಯುವಾಗ ಭಾವ ಕೇಳಿದರು. "ನಾನು ಅಷ್ಟುದ್ದ ಹೇಳ್ದೆ. ನೀನು ಇಷ್ಟೇ ಅಂದ್ಯಲ್ಲೋ?"

"ಇಂಗ್ಲಿಷಿನಲ್ಲಿ ಚಿಕ್ಕದಾಗುತ್ತೆ ಭಾವ."

"ಹಂಗಾ? ಮತ್ತೆ ಲಾರಿ ಅನ್ನೋ ಮಾತೇ ಕೇಳಿಸ್ಲಿಲ್ಲ. ಲಾರಿಗೆ ಇಂಗ್ಲಿಷಲ್ಲಿ ಏನಂತಾರೆ?"

ಲಾರಿಗೆ ಇಂಗ್ಲಿಷಿನಲ್ಲೂ ಲಾರಿ ಅಂತಲೇ ಅನ್ನುತ್ತಾರೆ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಟ್ಯಾಕ್ಸಿಗೆ ಕೈ ಮಾಡಿದೆ.

ಚಳಿ ಶುರುವಾಗುವ ಹೊತ್ತಿಗೆ ಉತ್ತರ ಬಂತು. ಅರ್ಜಿಯನ್ನು ಸಮಿತಿ ಗಮನಿಸಿದೆ, ಕಾನೂನಿಗೆ ಬದಲಾವಣೆ ಸೂಚಿಸುವುದಿಲ್ಲ. ನಾನು ಆ ವಾರಾಂತ್ಯ ಅಕ್ಕನ ಮನೆಯಲ್ಲೇ ಇದ್ದೆ. ಭಾವ ಚಪ್ಪಲಿ ಮೆಟ್ಟಿ ಸೀದಾ ಬೇಲಿ ಹತ್ತಿರ ಹೋದರು. ಇನ್ನೇನು ಜಗಳವಾಡುತ್ತಾರೆ, ಬಿಡಿಸಬೇಕಾಗುತ್ತದೆ ಅಂತ ನಾನೂ ಹಿಂದೆ ಹೋದೆ.

"ಬದಲಾಗಲಿಲ್ಲ" ಅಂದರು ಭಾವ ಮುದುಕನಿಗೆ. "ನೀನು ಗೆದ್ದೆ."

ಮುದುಕನಿಗೆ ಗೆದ್ದ ಖುಷಿಯೇನೂ ಇರಲಿಲ್ಲ. "ಮಂಗಳವಾರ ಲಾರಿ ಬರುತ್ತೆ" ಅಂದ.

ಭಾವ ತಲೆಯಾಡಿಸಿದರು. ಆಮೇಲೆ ಅವರು ತಮ್ಮ ಒಡೆದ ಇಂಗ್ಲಿಷಿನಲ್ಲಿ ಕೇಳಿದ್ದನ್ನು ಕೇಳಿ ನಾನು ನೆಲ ನೋಡಿದೆ. "ಮಂಗಳವಾರ ನಾನು ರಜ ಹಾಕ್ತೀನಿ. ನಾನೇ ಕರೀತೀನಿ. ನಾನು ಕರೆದ್ರೆ ಅವಳು ಬತ್ತಾಳೆ. ಬೇರೆಯೋರು ಎಳೆದು ಹತ್ತಿಸಿದ್ರೆ ಹೆದರ್ಕೋತಾಳೆ. ಹೆದರಬಾರ್ದು."

ಮುದುಕ ಭಾವನನ್ನೇ ನೋಡಿದ. ಟೋಪಿ ತೆಗೆದ, ಮತ್ತೆ ಹಾಕಿಕೊಂಡ, ಮನೆಯೊಳಗೆ ಹೋದ. ಬೇಲಿಯಾಚೆ ಕುದುರೆ ಭಾವನ ಜೇಬಿಗೆ ಮೂತಿ ಚಾಚಿತು.

ಮಂಗಳವಾರ ನಾನು ಆಫೀಸಿನಲ್ಲಿದ್ದೆ. ಮಧ್ಯಾಹ್ನ ಅಕ್ಕ ಫೋನ್ ಮಾಡಿದಳು.

"ಲಾರಿ ಬರಲಿಲ್ಲ ಕಣೋ. ಬೆಳಗ್ಗೆ ಆಯಪ್ಪನೇ ಬಾಗಿಲು ತಟ್ಟಿದ. ಲಾರಿ ಬೇಡ ಅಂತ ಹೇಳಿಬಿಟ್ಟಿದೀನಿ, ದನದ ಡಾಕ್ಟರನ್ನ ಕರೆಸಿದೀನಿ, ಅವಳ ಹುಲ್ಲಿನ ಮೇಲೇ ಆಗಿಹೋಗಲಿ ಅಂದ. ಜೀವಮಾನವೆಲ್ಲ ಕುದುರೆ ಕಳಿಸಿದೀನಿ, ಒಂದರ ಜೊತೆಗೂ ನಿಂತಿಲ್ಲ, ನನ್ನ ಜೊತೆ ನಿಂತ್ಕೋತೀಯಾ ಅಂತ ನಿಮ್ಮ ಭಾವನ್ನ ಕೇಳಿದ."

"ಭಾವ?"

"ಇವರು ಒಂದೇ ಸಲ ಬಾರವ್ವಾ ಅಂದ್ರು. ಬಂದ್ಲು. ಆಸ್ಪತ್ರೇಲಿ ಎಷ್ಟು ಸಾವು ನೋಡಿದೀನಿ ನಾನು. ಇವತ್ತು ಹಿತ್ತಲಿಗೆ ಹೋಗಕ್ಕೆ ಆಗಲಿಲ್ಲ ಕಣೋ. ಕಿಟಕಿಯಿಂದ ನೋಡಿದೆ. ಡಾಕ್ಟರ್ ಸೂಜಿ ಚುಚ್ಚೋವಾಗ ಇವರು ಕಿವಿ ಹತ್ರ ಏನೋ ಹೇಳ್ತಾನೇ ಇದ್ರು. ಆ ಕಡೆ ಕಿವಿ ಹತ್ರ ಆಯಪ್ಪ. ಅಲ್ಲೇ ಗುಂಡಿ ತೋಡಿಸಿ ಮಣ್ಣು ಮಾಡಿದ್ರು." ಮೂಗು ಒರೆಸಿಕೊಂಡಳು. "ಈಗ ನೋಡು, ಮೂರನೇ ದಿನಕ್ಕೆ ಹಾಲು ತುಪ್ಪ ಬಿಡಬೇಕಂತೆ. ಕುದುರೆಗೆ! ಮನುಷ್ಯರಿಗೆ ಬಿಟ್ಟಂಗೆ! ಯಾರಾದ್ರೂ ಕೇಳಿದ್ರೆ ನಗ್ತಾರೆ. ನೀನೇನೂ ಬರಬೇಡ, ನಿನಗೆ ಆಫೀಸು."

ಮ್ಯಾನೇಜರ್ ಹತ್ತಿರ ಹೋಗಿ ಗುರುವಾರ ರಜ ಬೇಕು ಅಂದೆ. ಯಾಕೆ ಅಂದ. ಮನೆಯಲ್ಲಿ ಸಾವಾಗಿದೆ ಅಂದೆ. ಅಯ್ಯೋ, ಯಾರು ಅಂತ ಕೇಳಿದ. ದೊಡ್ಡಮ್ಮ ಅನ್ನಬಹುದಿತ್ತು. ನನ್ನ ಹತ್ತಿರ ಅದಕ್ಕೆ ಬೇಕಾದ ಇಂಗ್ಲಿಷಿತ್ತು.

"ಭಾವನ ಕುದುರೆ" ಅಂದೆ.

ಅವನು ನಗುತ್ತಾನೆ ಅಂತ ಕಾದೆ. ನಗಲಿಲ್ಲ. "ಹೋಗಿ ಬಾ" ಅಂದ.

ಗುರುವಾರ ಬೆಳಗ್ಗೆ ಹುಲ್ಲಿನ ಮೇಲೆಲ್ಲ ಮಂಜು ಕಟ್ಟಿತ್ತು. ಹೊಸ ಮಣ್ಣಿನ ದಿಬ್ಬ ಮಾತ್ರ ಕಪ್ಪಗಿತ್ತು. ಅಕ್ಕ ತುಪ್ಪ ಕಾಯಿಸಿ ಕೊಟ್ಟಿದ್ದಳು. ಭಾವ ಬರಿಗಾಲಲ್ಲಿ ನಿಂತಿದ್ದರು. ಮುದುಕ, ಹಾಲು ಬೇಕು ಅಂತ ಯಾರೋ ಹೇಳಿದ್ದನ್ನು ಕೇಳಿ, ಮೂಲೆಯ ಅಂಗಡಿಯಿಂದ ದೊಡ್ಡ ಬಾಟಲಿ ತಂದಿದ್ದ. ಅವನೂ ಭಾವನನ್ನು ನೋಡಿ ಬೂಟು ಬಿಚ್ಚಿದ.

"ಎಷ್ಟು ಹಾಕಬೇಕು?" ಅಂತ ಕೇಳಿದ.

"ಎಲ್ಲಾ" ಅಂದರು ಭಾವ.

ಮುದುಕ ಎರಡೂ ಕೈಯಲ್ಲಿ ಬಾಟಲಿ ಎತ್ತಿ ಬಗ್ಗಿಸಿದ. ಬಾಟಲಿಯ ತಳಕ್ಕೆ ನಾನು ಕೈ ಕೊಟ್ಟೆ. ಹಾಲು ಕಪ್ಪು ಮಣ್ಣಿನ ಮೇಲೆ ಸ್ವಲ್ಪ ಹೊತ್ತು ನಿಂತು, ಆಮೇಲೆ ಇಳಿಯಿತು. ಭಾವ ತುಪ್ಪ ಬಿಟ್ಟು ಕೈ ಮುಗಿದರು. ಅವಳಿಗೆ ಏನೋ ಹೇಳಿದರು, ನನಗೆ ಕೇಳಿಸಲಿಲ್ಲ.

"ನಡೀರಿ. ತಿರುಗಿ ನೋಡಬಾರ್ದು. ಆಯಪ್ಪನಿಗೂ ಹೇಳು."

ನಮ್ಮಲ್ಲಿ ಹಾಲು ತುಪ್ಪ ಬಿಟ್ಟ ಮೇಲೆ ಹಿಂದೆ ತಿರುಗಿ ನೋಡುವುದಿಲ್ಲ ಅಂತ ಮುದುಕನಿಗೆ ಹೇಳಿದೆ. ಅವನು ತಲೆಯಾಡಿಸಿದ. ಮೂವರೂ ಬೇಲಿಯ ಕಡೆ ನಡೆದೆವು. ಮೊದಲು ತಿರುಗಿ ನೋಡಿದವನು ನಾನು.